ಗೊಣಗುವವರು ಕಟ್ಟಿದ ಟಿಕೆಟ್ಟು

ಪ್ರಿಯ ಮೇಷ್ಟ್ರೇ, ನಮಸ್ಕಾರ.

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕುರಿತು ಬಂದ ಲೇಖನದ ಬಗ್ಗೆ ನೀವು ಬರೆದ ಪತ್ರ ತಲುಪಿತು. ನಿಮ್ಮ ತಕರಾರು ಇಷ್ಟು: ಮಗ ಹಾಸನದಿಂದ ಟೆಕ್ಸಸ್‌ಗೆ ಹೋಗಿ, ದುಡಿದು, ಮನೆ ಮಾಡಿಕೊಂಡಿದ್ದಾನೆ. ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವ ಅಮೆರಿಕದ ಕನಸು ಸುಳ್ಳು ಅನ್ನುವ ಈ ಕವಿಗಳು ಸುಮ್ನೆ ಗೊಣಗುವವರು, ಉಂಡ ಮನೆಯನ್ನೇ ಬೈಯುವವರು. ಇಷ್ಟೆಲ್ಲ ಹೇಳಿ, ಇವರ ಯಾವ ಕವಿತೆ ಮೊದಲು ಓದಲಿ ಅಂತಲೂ ಕೇಳಿದ್ದೀರಿ. ಜಗಳ ತೆಗೆದ ಮೇಲೂ ಓದಲು ಸಿದ್ಧರಿರುವವರು ಅಪರೂಪ. ಅದಕ್ಕೇ ಈ ಉದ್ದನೆಯ ಉತ್ತರ.

ಮಗನ ದುಡಿಮೆಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಹ್ಯೂಸ್ ಕನಸೇ ಬೇಡ ಅಂದವರಲ್ಲ. 1936ರಲ್ಲಿ ಅಚ್ಚಾದ ‘ಲೆಟ್ ಅಮೆರಿಕ ಬಿ ಅಮೆರಿಕ ಅಗೇನ್’ ಕವಿತೆಯಲ್ಲಿ ಒಂದು ದನಿ, ದೇಶ ಮತ್ತೆ ಮೊದಲಿನ ಕನಸಿನಂತಾಗಲಿ ಅಂತ ಹಾಡುತ್ತದೆ. ನನ್ನ ಪಾಲಿಗೆ ಅದು ಯಾವತ್ತೂ ಹಾಗಿರಲೇ ಇಲ್ಲ ಅಂತ ಇನ್ನೊಂದು ದನಿ ಕಂಸದೊಳಗಿಂದ ಹೇಳುತ್ತದೆ. ಯಾರಪ್ಪಾ ನೀನು ಅಂದರೆ ಎದ್ದು ನಿಲ್ಲುವವರು ಕಪ್ಪು ಜನರಷ್ಟೇ ಅಲ್ಲ. ಬಡ ಬಿಳಿಯನಿದ್ದಾನೆ, ನೆಲ ಕಳೆದುಕೊಂಡ ಮೂಲನಿವಾಸಿ ಇದ್ದಾನೆ, ಆಸೆ ಹೊತ್ತು ವಲಸೆ ಬಂದವನಿದ್ದಾನೆ. ಕೊನೆಗೆ ಬರುವುದು ಶಾಪವಲ್ಲ, ಆ ಅಮೆರಿಕ ಆಗಿಯೇ ಆಗುತ್ತದೆ ಎಂಬ ಆಣೆ. ಕನಸನ್ನು ನಂಬದವರಿಗೆ ಇಷ್ಟು ಸಿಟ್ಟು ಬರುವುದಿಲ್ಲ, ಅಲ್ವಾ?

ನೀವು ಮನೆಯ ಮಾತೆತ್ತಿದ್ದು ಒಳ್ಳೆಯದೇ ಆಯಿತು. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಮನೆ ಸಾಲಕ್ಕೆ ಸರ್ಕಾರದ ಭದ್ರತೆ ಕೊಟ್ಟಿತು. ಕಪ್ಪು ಜನರ ಬಡಾವಣೆಗಳಿಗೆ ಮಾತ್ರ ಹೆಚ್ಚುಕಡಿಮೆ ಕೊಡಲೇ ಇಲ್ಲ. ಬಿಳಿಯರ ಎಷ್ಟೋ ಬಡಾವಣೆಗಳಲ್ಲಿ, ಕಪ್ಪು ಜನರಿಗೆ ಮನೆ ಮಾರಕೂಡದು ಅನ್ನುವ ಕರಾರು ಬೇರೆ. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕಪ್ಪು ವ್ಯಾಪಾರಿ ಶಿಕಾಗೋದ ಅಂಥದೊಂದು ಬಡಾವಣೆಯಲ್ಲಿ ಮನೆ ಕೊಂಡರು. ಮನೆ ಮುಂದೆ ಗುಂಪು ಸೇರಿತು, ಇಟ್ಟಿಗೆ ತೂರಿ ಬಂತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1940ರಲ್ಲಿ ಅವರು ಗೆದ್ದರೂ, ಅದು ತಾಂತ್ರಿಕ ಕಾರಣಕ್ಕೆ. ಊರಲ್ಲಿನ ಉಳಿದ ಕರಾರುಗಳು ಹಾಗೇ ಉಳಿದವು. ಅವರ ಮಗಳು ಲೊರೇನ್ ಆಗ ಪುಟ್ಟ ಹುಡುಗಿ. ಮುಂದೆ ಆಕೆ ಬರೆದ ‘ಎ ರೈಸಿನ್ ಇನ್ ದ ಸನ್’ ನಾಟಕ 1959ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇ ಏರಿತು. ಬಿಳಿಯರ ಕೇರಿಯಲ್ಲಿ ಮನೆ ಕೊಳ್ಳಹೊರಟ ಸಂಸಾರದ ಕಥೆ ಅದು. ಹೆಸರು ಹ್ಯೂಸ್ ಅವರ ‘ಹಾರ್ಲೆಮ್’ ಕವಿತೆಯಿಂದ ಬಂದದ್ದು. ಮುಂದೂಡುತ್ತಲೇ ಹೋದ ಕನಸು ಒಣದ್ರಾಕ್ಷಿಯಂತೆ ಮುರುಟುತ್ತದೋ, ಸಿಡಿಯುತ್ತದೋ ಅಂತ ಕೇಳುವ ಕವಿತೆ. ಕಾರ್ಲ್ ಹ್ಯಾನ್ಸ್‌ಬೆರಿ ದುಡಿಯದವರೇನಲ್ಲ, ಮೇಷ್ಟ್ರೇ. ಮನೆಯ ದುಡ್ಡು ಕೈಯಲ್ಲಿ ಹಿಡಿದೇ ಹೋಗಿದ್ದರು.

ಹಳೇ ಕಥೆ ಅನ್ನಬೇಡಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಲೆಕ್ಕ ನೋಡಿ. 1940ರಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು 90 ಮಂದಿ ಅಪ್ಪ ಅಮ್ಮನಿಗಿಂತ ಜಾಸ್ತಿ ಗಳಿಸಿದರು. 1980ರಲ್ಲಿ ಹುಟ್ಟಿದವರಲ್ಲಿ ಅದು ಸುಮಾರು 50ಕ್ಕೆ ಇಳಿಯಿತು. ಇದರಲ್ಲಿ ಬಿಳಿಯರೂ ಸೇರಿದ್ದಾರೆ. ದೇಶದ ಆದಾಯ ಬೆಳೆಯಲಿಲ್ಲ ಅಂತಲ್ಲ, ಬೆಳೆದದ್ದರಲ್ಲಿ ದೊಡ್ಡ ಪಾಲು ಮೇಲಿನವರಿಗೆ ಹೋಯಿತು. ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕನಿಷ್ಠ ಕೂಲಿ 2009ರಲ್ಲಿ ಗಂಟೆಗೆ 7.25 ಡಾಲರ್ ಆದದ್ದು, ಮುಂದೆ ಹೋಗಿಲ್ಲ. ನಿಮ್ಮ ಮಗನಿರುವ ಟೆಕ್ಸಸ್‌ನಲ್ಲೂ ಅಷ್ಟೇ.

ಇನ್ನು ನಮ್ಮವರು ಅಲ್ಲಿಗೆ ಹೋದ ದಾರಿ. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲೇ ಇದ್ದ ಭಗತ್ ಸಿಂಗ್ ಥಿಂದ್ ಎಂಬವರು ಪೌರತ್ವ ಕೇಳಿದರೆ, ಭಾರತೀಯರು ಬಿಳಿಯರಲ್ಲ, ಆಗದು ಅಂದಿತು ಸುಪ್ರೀಂ ಕೋರ್ಟು. ಅದು 1923. ಆಮೇಲೆ 1946ರಲ್ಲಿ ಬಾಗಿಲು ತೆಗೆದರೂ ವರ್ಷಕ್ಕೆ 100 ಜನರಷ್ಟೇ. ನಮ್ಮ ಡಾಕ್ಟರು, ಇಂಜಿನಿಯರುಗಳು ಹೆಚ್ಚಾಗಿ ಹೋಗುವಂತಾದದ್ದು 1965ರ ವಲಸೆ ಕಾಯ್ದೆಯಿಂದ. ಕಪ್ಪು ಜನರ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದೇ ಬಿಸಿಯಲ್ಲಿ ಮರುವರ್ಷ ಬಂದದ್ದು ಈ ವಲಸೆ ಕಾಯ್ದೆ. ನಿಮ್ಮ ಮಗ ಹತ್ತಿದ ವಿಮಾನದ ಟಿಕೆಟ್ಟಿಗೆ ಈ ಗೊಣಗುವವರೂ ಒಂದಿಷ್ಟು ದುಡ್ಡು ಕಟ್ಟಿದ್ದಾರೆ.

ಮೊದಲು ‘ಐ, ಟೂ’ ಓದಿ. ಪುಟ್ಟದು, ಇಂಗ್ಲಿಷೂ ಸುಲಭ. ಮನೆಗೆ ನೆಂಟರು ಬಂದಾಗ ಅಡುಗೆಮನೆಗೆ ಕಳಿಸಿಕೊಂಡವನು ಅಲ್ಲೇ ನಗುತ್ತಾ ಚೆನ್ನಾಗಿ ಉಂಡು ಗಟ್ಟಿಯಾಗುತ್ತಾನೆ, ನಾಳೆ ಮೇಜಿಗೇ ಬಂದು ಕೂರುತ್ತೇನೆ ಅನ್ನುತ್ತಾನೆ. ಪಂಕ್ತಿಭೇದ ಕಂಡ ನಮ್ಮ ಕಡೆಯವರಿಗೆ ಟಿಪ್ಪಣಿ ಬೇಕಾಗುವುದಿಲ್ಲ. ‘ಹಾರ್ಲೆಮ್’ ಆಮೇಲೆ, 1936ರ ಉದ್ದನೆಯದು ಕೊನೆಗೆ. ಅದನ್ನು ಮಗ ರಜೆಗೆ ಬಂದಾಗ ಅವನ ಕೈಲೇ ಜೋರಾಗಿ ಓದಿಸಿ. ಆಮೇಲೂ ಒಪ್ಪಿಗೆಯಾಗದಿದ್ದರೆ ಅಪ್ಪ, ಮಗ ಇಬ್ಬರೂ ಬರೆಯಿರಿ, ಅಚ್ಚು ಹಾಕೋಣ.

– ಸಂ.