ಹಾಲು ಅಳೆಯುವಾಗ ಬರುವ ಮಾತು ಮೈಕ್ ಮುಂದೆ ಯಾಕೆ ಬರಲ್ಲ?

ಸೋದರಿ, ನಮಸ್ಕಾರ.

ಹೆಸರು, ಊರು ಹಾಕಬೇಡಿ ಎಂದು ಪತ್ರದಲ್ಲಿ ಎರಡು ಸಲ ಬರೆದಿದ್ದೀರಿ. ಹಾಕುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ಇನ್ನೂ ಎಷ್ಟೋ ಜನರದ್ದು. ಅದಕ್ಕೇ ಉತ್ತರವನ್ನು ಇಲ್ಲಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬೇರೆ ಓದುಗರಿಗಾಗಿ ಪತ್ರದ ಸಾರ ಇಷ್ಟು. ನೀವು ನಿಮ್ಮ ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಆರು ವರ್ಷದಿಂದ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆಗಿಲ್ಲ. ಹೋದ ವರ್ಷದ ವಾರ್ಷಿಕ ಸಭೆಯಲ್ಲಿ ವರದಿ ಓದಲು ನಿಂತಿರಿ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತು. ಕೈಯಲ್ಲಿದ್ದ ಹಾಳೆ ಪಟಪಟ ಅಂತ ನಡುಗಿತು. ಅಕ್ಷರ ಮಸುಕಾದವು. ನಿರ್ದೇಶಕಿಯೊಬ್ಬರು ಹಾಳೆ ತೆಗೆದುಕೊಂಡು ಓದಿ ಮುಗಿಸಿದರು. ಈ ಸೆಪ್ಟೆಂಬರ್‌ನಲ್ಲಿ ಮತ್ತೆ ಸಭೆ ಇದೆ. "ಅಷ್ಟರೊಳಗೆ ಕೆಲಸ ಬಿಟ್ಟುಬಿಡೋಣ ಅನ್ನಿಸಿದೆ. ಈ ಹೆದರಿಕೆ ಹೋಗೋಕೆ ದಾರಿ ಇದೆಯಾ?" ಎಂದು ಕೇಳಿದ್ದೀರಿ.

ಕೆಲಸ ಬಿಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ನಿಮಗಾದದ್ದು ಅಕ್ಷರಶಃ ಹಾಗೇ ಇನ್ನೊಬ್ಬರಿಗೂ ಆಗಿತ್ತು. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಹುಡುಗ. ವೆಂಟ್ನರ್ ಎಂಬ ಕಡಲತೀರದ ಊರಿನಲ್ಲಿ ಸಸ್ಯಾಹಾರಿಗಳ ಸಭೆ. ಒಂದೇ ಒಂದು ಹಾಳೆಯಷ್ಟು ಭಾಷಣ ಬರೆದುಕೊಂಡು ಹೋಗಿದ್ದರು. ಓದಲು ಎದ್ದು ನಿಂತರೆ ಕಣ್ಣು ಮಂಜಾಯಿತು, ಮೈ ನಡುಗಿತು. ಕೊನೆಗೆ ಜೊತೆಗೆ ಬಂದಿದ್ದವರು ಆ ಹಾಳೆಯನ್ನು ಓದಬೇಕಾಯಿತು. ಆ ಹುಡುಗ ಮೋಹನದಾಸ ಗಾಂಧಿ. ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದ ಮೇಲೂ ಅದು ಬಿಡಲಿಲ್ಲ. ಮುಂಬಯಿಯ ಸಣ್ಣ ನ್ಯಾಯಾಲಯದಲ್ಲಿ ಮೊದಲ ಕೇಸು, 30 ರೂಪಾಯಿ ಫೀಸು. ಸಾಕ್ಷಿಯನ್ನು ಪ್ರಶ್ನೆ ಮಾಡಲು ಎದ್ದರು, ತಲೆ ಗಿರ್ರೆಂದಿತು, ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಕೂತುಬಿಟ್ಟರು. ಫೀಸು ವಾಪಸ್ ಕೊಟ್ಟು ಹೊರಟುಹೋದರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ಅವರು ಮೊದಲ ಸಾರ್ವಜನಿಕ ಭಾಷಣ ಮಾಡಿದ್ದು 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ. ಎದುರಿಗೆ ಕೂತಿದ್ದವರು ಭಾರತದಿಂದ ಹೋದ ವ್ಯಾಪಾರಿಗಳು. ವ್ಯಾಪಾರದಲ್ಲಿ ಸತ್ಯ ಇರಬೇಕು, ಪರದೇಶದಲ್ಲಿ ನಾವು ನಡೆದುಕೊಳ್ಳುವ ರೀತಿಯ ಮೇಲೆ ನಮ್ಮ ದೇಶದ ಮರ್ಯಾದೆ ನಿಂತಿದೆ ಎಂದು ಹೇಳಿದರು. ವೆಂಟ್ನರ್‌ನಲ್ಲಿ ಆಗದ್ದು ಇಲ್ಲಿ ಹೇಗಾಯಿತು? ನನಗೆ ಅನ್ನಿಸುವುದು ಇದು: ಪ್ರಿಟೋರಿಯಾದಲ್ಲಿ ಅವರಿಗೆ ಆ ಜನರಿಗೆ ಹೇಳಲೇಬೇಕಾದ ಒಂದು ಮಾತು ಇತ್ತು. "ನಾನು ಹೇಗೆ ಕಾಣ್ತೇನೆ" ಅನ್ನೋದು ಹಿಂದೆ ಸರಿದು, "ಇದು ಇವರಿಗೆ ತಲುಪಬೇಕು" ಅನ್ನೋದು ಮುಂದೆ ಬಂತು. 1924ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕೂತವರು ಇದೇ ಗಾಂಧಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ. ನೀವು ಅದಕ್ಕೆ ಬೆಲೆ ಕೊಟ್ಟ ಹಾಗೆ ಕಾಣಲಿಲ್ಲ, ನನಗೆ ಮಾತ್ರ ಅದೇ ಮುಖ್ಯ ಅನ್ನಿಸಿತು. "ಬೆಳಿಗ್ಗೆ ಡೈರಿಯಲ್ಲಿ ಯಾರಾದರೂ ಫ್ಯಾಟ್ ಕಮ್ಮಿ ಬಂತು ಅಂತ ಜಗಳಕ್ಕೆ ಬಂದರೆ ಸಮಾಧಾನವಾಗಿ ತಿಳಿಸಿ ಹೇಳ್ತೀನಿ." ನೋಡಿ, ಕ್ಯಾನ್ ಹಿಡಿದು ಸಾಲಾಗಿ ನಿಂತ ಹೆಂಗಸರ ಮುಂದೆ, ಅವರಿಗೆ ಇಷ್ಟವಾಗದ ಮಾತನ್ನು ದಿನಾ ಎರಡು ಹೊತ್ತು ಹೇಳುವವರು ನೀವು. ಸಭೆಯಲ್ಲಿ ಕೂರುವವರೂ ಅವರೇ ಅಲ್ವಾ? ಮುಖ ಬದಲಾಗಿಲ್ಲ. ಬದಲಾಗುವುದು ನಿಮ್ಮ ಮಾತು. ಡೈರಿಯಲ್ಲಿ "ಹೋದ ತಿಂಗಳಿಗಿಂತ ಹಾಲು ಜಾಸ್ತಿ ಬಂದಿದೆ ಕಣಕ್ಕ" ಅನ್ನುತ್ತೀರಿ. ಸಭೆಯಲ್ಲಿ "ವರದಿ ಸಾಲಿನಲ್ಲಿ ಸಂಘವು ಸದಸ್ಯರಿಂದ ಸಂಗ್ರಹಿಸಿದ ಹಾಲಿನ ಪ್ರಮಾಣವು" ಎಂದು ಶುರು ಮಾಡುತ್ತೀರಿ. ಅದು ನಿಮ್ಮ ನಾಲಿಗೆಯ ಮಾತಲ್ಲ. ಬೇರೆಯವರ ಚಪ್ಪಲಿ ಹಾಕಿಕೊಂಡರೆ ಯಾರಾದರೂ ಎಡವುತ್ತಾರೆ.

ಹಾಗಾಗಿ ಒಂದು ಕೆಲಸ ಮಾಡಿ. ಅಚ್ಚಾದ ವರದಿಯ ಪ್ರತಿಯನ್ನು ಸಭೆಗೆ ಮೊದಲೇ ಎಲ್ಲರ ಕೈಗೂ ಕೊಡಿಸಿ. ಅಂಕಿಅಂಶ ಅದರಲ್ಲಿರಲಿ. ಅದನ್ನು ಪೂರ್ತಿ ಓದಲೇಬೇಕು ಅಂತಿದ್ದರೆ ಆಡಳಿತ ಮಂಡಳಿಯವರ ಜೊತೆ ಹಂಚಿಕೊಳ್ಳಿ. ನೀವು ಸದಸ್ಯರು ಕಾಯುತ್ತಿರುವ ಮೂರು ವಿಷಯ ಹೇಳಿ: ಹಾಲು ಎಷ್ಟು ಬಂತು, ಲಾಭ ಎಷ್ಟು ಉಳಿಯಿತು, ಬೋನಸ್ ಎಷ್ಟು. ಡೈರಿಯಲ್ಲಿ ಹೇಳುವ ಹಾಗೇ ಹೇಳಿ.

ಇನ್ನು ನಡುಕದ ಮಾತು. ಅದು ನಿಮ್ಮ ದೌರ್ಬಲ್ಯ ಅಲ್ಲ, ದೇಹದ ಕೆಲಸ. ಎಲ್ಲರ ಕಣ್ಣೂ ನಮ್ಮ ಮೇಲೆ ಬಿದ್ದಾಗ ಮಿದುಳು ಅದನ್ನು ಅಪಾಯ ಎಂದು ತಿಳಿಯುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ದನಿ ಹೊರಡುವುದು ಹೊರಗೆ ಬಿಡುವ ಉಸಿರಿನ ಮೇಲೆ. ಉಸಿರು ಮೋಟಾದರೆ ದನಿ ಒಡೆಯುತ್ತದೆ. ಅದಕ್ಕೇ ಹೆಸರು ಕರೆಯುವ ಮೊದಲು ಕೂತಲ್ಲೇ ಉಸಿರನ್ನು ನಿಧಾನವಾಗಿ, ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ, ಹೊರಗೆ ಬಿಡಿ. ನಾಲ್ಕೈದು ಸಲ ಸಾಕು.

ಹಾಳೆ ನಡುಗಿದ್ದನ್ನು ಎಲ್ಲರೂ ನೋಡಿದರು ಎಂದು ನೊಂದು ಬರೆದಿದ್ದೀರಿ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ ಇದನ್ನೇ ಪರೀಕ್ಷಿಸಿ ನೋಡಿದರು. ಭಾಷಣ ಮಾಡುವವರು ತಮ್ಮ ಗಾಬರಿ ಎದುರಿನವರಿಗೆ ಎಷ್ಟು ಕಾಣುತ್ತಿದೆ ಅಂದುಕೊಂಡಿದ್ದರೋ ಅಷ್ಟು ಕಾಣುತ್ತಿರಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಮಾತು. ಈ ಸಂಗತಿಯನ್ನು ಯಾರಿಗೆ ಮೊದಲೇ ತಿಳಿಸಿದ್ದರೋ ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ಗೊತ್ತಾಯಿತು. ಆದರೂ ತೆಳು ಹಾಳೆ ಕೈಯ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅದು ನಿಜ. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡ್ ಇರುತ್ತದಲ್ಲ, ಹಾಳೆಯನ್ನು ಅದಕ್ಕೆ ಸಿಕ್ಕಿಸಿಕೊಳ್ಳಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಮಾತಾಡಲು ಶುರುಮಾಡಿ ಇಷ್ಟು ವರ್ಷವಾದರೂ ಮೊದಲ ನಿಮಿಷ ನನ್ನ ಬೆರಳು ತಣ್ಣಗಾಗುತ್ತವೆ. ಹೆದರಿಕೆ ಪೂರ್ತಿ ಹೋದ ಮೇಲೆ ಮಾತಾಡುತ್ತೇನೆ ಎಂದು ಕಾದಿದ್ದರೆ ನಾನು ಒಂದು ಸಭೆಗೂ ಹೋಗುತ್ತಿರಲಿಲ್ಲ.

ಕರಾವಳಿಯವರಿಗೆ ಸಭಾಕಂಪ, ಅಂದರೆ ಸಭೆಯ ಮುಂದೆ ನಿಂತಾಗ ಬರುವ ನಡುಕ, ಎಂಬ ಮಾತು ಗೊತ್ತು. ಅದನ್ನು ಬಿಡಿಸಲು ಯಕ್ಷಗಾನದ ಹಿರಿಯರು ಮಾಡಿಕೊಂಡ ಏರ್ಪಾಡು ನನಗೆ ತುಂಬಾ ಇಷ್ಟ. ಹೊಸ ಹುಡುಗನನ್ನು ಅವರು ನೇರವಾಗಿ ಅರ್ಜುನನೋ ಕರ್ಣನೋ ಮಾಡುತ್ತಿರಲಿಲ್ಲ. ಮೊದಲು ಕೋಡಂಗಿ. ಆಟ ಶುರುವಾಗುವ ಹೊತ್ತು ಅದು, ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ. ಹುಡುಗ ಗೆಜ್ಜೆ ಕಟ್ಟಿಕೊಂಡು ಬಂದು ಸುಮ್ನೆ ಕುಣಿದು ಹೋಗಬೇಕು. ಆಮೇಲೆ ಬಾಲಗೋಪಾಲ. ಆಮೇಲೆ ಸಣ್ಣಪುಟ್ಟ ವೇಷ. ವರ್ಷಗಟ್ಟಲೆ ಹೀಗೆ ರಂಗಸ್ಥಳದ ಬೆಳಕು ಮೈಗೆ ರೂಢಿಯಾದ ಮೇಲೆ ದೊಡ್ಡ ಅರ್ಥ, ಅಂದರೆ ಉದ್ದದ ಮಾತು, ಹೇಳುವ ವೇಷ. ಧೈರ್ಯವನ್ನು ಅವರು ಉಪದೇಶ ಮಾಡಿ ಕೊಡಲಿಲ್ಲ, ಸಣ್ಣ ಸಣ್ಣ ಪ್ರವೇಶ ಕೊಟ್ಟು ಬೆಳೆಸಿದರು.

ನಿಮಗೂ ಸೆಪ್ಟೆಂಬರ್‌ಗೆ ಮೊದಲು ಅಂಥ ಕೆಲವು ಕೋಡಂಗಿ ವೇಷ ಬೇಕು. ಆಡಳಿತ ಮಂಡಳಿಯ ತಿಂಗಳ ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಲೆಕ್ಕ ಹೇಳಿ. ಸ್ವಸಹಾಯ ಸಂಘದ ಸಭೆಯಲ್ಲಿ ವಂದನಾರ್ಪಣೆಯನ್ನು ನೀವೇ ಕೇಳಿ ಪಡೆಯಿರಿ. ಮನೆಯಲ್ಲಿ ಜೋರಾಗಿ ಹೇಳಿ ನೋಡಿ, ಮನಸ್ಸಿನಲ್ಲೇ ಓದಿಕೊಂಡರೆ ಉಪಯೋಗವಿಲ್ಲ. ಬಾಯಿಪಾಠ ಮೊದಲ ಎರಡು ವಾಕ್ಯ ಮಾತ್ರ ಮಾಡಿ. ಪೂರ್ತಿ ಮಾಡಿದರೆ ಒಂದು ಪದ ತಪ್ಪಿದಾಗ ಎಲ್ಲವೂ ಕೈಬಿಟ್ಟು ಹೋಗುತ್ತದೆ. ಸಭೆಯ ದಿನ ಬೇಗ ಹೋಗಿ, ಮೈಕ್ ಜೋಡಿಸುವ ಹುಡುಗನಿಗೆ ಹೇಳಿ ಅದನ್ನು ನಿಮ್ಮ ಎತ್ತರಕ್ಕೆ ಇಳಿಸಿಕೊಳ್ಳಿ. ಖಾಲಿ ಕುರ್ಚಿಗಳ ಮುಂದೆ ನಾಲ್ಕು ಮಾತಾಡಿ. ನಿಮ್ಮದೇ ದನಿ ಸ್ಪೀಕರ್‌ನಿಂದ ವಾಪಸ್ ಬರುವಾಗ ಒಂದು ಗಾಬರಿ ಆಗುತ್ತದೆ, ಅದು ಅಲ್ಲೇ ಮುಗಿದು ಹೋಗಲಿ.

ಇದೇ ಉತ್ತರ ಓದುತ್ತಿರುವ ಬೇರೆ ಯಾರಿಗಾದರೂ ಹೆದರಿಕೆ ವೇದಿಕೆಗೆ ನಿಲ್ಲದೆ, ಫೋನ್ ಎತ್ತಲು, ನಾಲ್ಕು ಜನರ ಮುಂದೆ ಊಟ ಮಾಡಲೂ ಆಗದಷ್ಟು ಹಬ್ಬಿದ್ದರೆ ಡಾಕ್ಟರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಕೊನೆಯದಾಗಿ, ಹೋದ ವರ್ಷ ಹಾಳೆ ತೆಗೆದುಕೊಂಡು ಓದಿದರಲ್ಲ, ಆ ನಿರ್ದೇಶಕಿ. ಅವರ ಮೇಲೆ ನಿಮಗೆ ಮುಜುಗರ ಇದೆ ಎಂದು ಬರೆದಿದ್ದೀರಿ. ಅವರು ನಿಮ್ಮನ್ನು ಅವಮಾನಿಸಲಿಲ್ಲ, ಕೈ ಹಿಡಿದರು. ಈ ಸಲ ಅವರನ್ನು ಮುಂದಿನ ಸಾಲಿನಲ್ಲೇ ಕೂರಲು ಹೇಳಿ. ಎದ್ದು ನಿಂತಾಗ ಮೊದಲು ಅವರ ಮುಖ ನೋಡಿ, ಅವರಿಗೇ ಹೇಳುವ ಹಾಗೆ ಶುರುಮಾಡಿ.

ಸಭೆ ಮುಗಿದ ಮೇಲೆ ಖಂಡಿತ ಪತ್ರ ಬರೆಯಿರಿ. ಹೇಗೆ ಮಾತಾಡಿದಿರಿ ಅನ್ನೋದರ ಜೊತೆಗೆ ಈ ವರ್ಷ ಬೋನಸ್ ಎಷ್ಟು ಕೊಟ್ಟಿರಿ ಅನ್ನೋದನ್ನೂ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ