ಫೈಲು ಕಸಿದುಕೊಂಡ ಅಜ್ಜಿ

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಪತ್ರ: ‘ವಾರಕ್ಕೆರಡು ದಿನ ಮುಂಬಯಿಯ ಪರೇಲಿನ ಆಸ್ಪತ್ರೆಗಳಿಗೆ ಹೋಗಿ ಊರಿಂದ ಬಂದ ಕನ್ನಡದ ರೋಗಿಗಳಿಗೆ ನೆರವಾಗುತ್ತೇನೆ. ಮೊನ್ನೆ ವಿಜಯಪುರ ಕಡೆಯ ಅಜ್ಜಿಯೊಬ್ಬರ ಫೈಲು ತಗೊಂಡು ಕ್ಯೂನಲ್ಲಿ ನಿಂತೆ. ಆಕೆ ಕೂಗಾಡಿ ಕಸಿದುಕೊಂಡರು. ಕೌಂಟರುಗಳ ವಿವರ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಬೇಕು ಅಂತಿದ್ದೆ, ಈಗ ಮನಸ್ಸೇ ಇಲ್ಲ.’

ನಿಮ್ಮ ಬೇಸರ ಅರ್ಥವಾಗುತ್ತದೆ ಸ್ವಾಮಿ. ಆದರೆ ನಾನು ಅಜ್ಜಿಯ ಪಕ್ಷ.

1941ರಲ್ಲಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಶುರುವಾದಾಗ ವಿಜಯಪುರ, ಬೆಳಗಾವಿ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಆ ಕಡೆಯವರಿಗೆ ಪರೇಲಿನ ದವಾಖಾನಿ ಇವತ್ತಿಗೂ ಕೊನೆಯ ಆಸರೆ. ಫೈಲಿನಲ್ಲಿ ಊರ ಡಾಕ್ಟರ ಚೀಟಿ, ಬಯಾಪ್ಸಿ ರಿಪೋರ್ಟು, ರೇಷನ್ ಕಾರ್ಡಿನ ಜೆರಾಕ್ಸು, ಬಹುಶಃ ಮಡಿಕೆಯಲ್ಲಿ ನಾಲ್ಕು ನೋಟು. ರಾತ್ರಿಯಿಡೀ ರೈಲಿನಲ್ಲಿ ಎದೆಗವಚಿಕೊಂಡು ತಂದದ್ದು. ಇನ್ನು ದಲ್ಲಾಳಿಗಳು ಬರುವುದೂ ‘ನಾವ್ ಮಾಡಿಸಿಕೊಡ್ತೀವಿ’ ಅಂತಲೇ ಅಲ್ವಾ? ನೀವು ಯಾರೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ಕಾಲು ಮುರಿದಾಗ ನಾನೂ ವ್ಹೀಲ್‌ಚೇರಿನಲ್ಲಿ ಕೂತಿದ್ದೆ. ಯಾರೋ ಪುಣ್ಯಾತ್ಮರು ಒಂದು ಮಾತೂ ಕೇಳದೆ ಹಿಂದಿನಿಂದ ತಳ್ಳಿಕೊಂಡು ಹೊರಟರು. ಪ್ಲಾಸ್ಟರ್ ಹಾಕಿದ ಕಾಲು ಲಿಫ್ಟಿನ ಬಾಗಿಲಿಗೆ ಬಡಿಯಿತು. ನಾನು ಹೋಗಬೇಕಿದ್ದದ್ದು ಎಕ್ಸ್‌ರೇಗೆ. ಅವರು ಮುಟ್ಟಿಸಿದ್ದು ಕ್ಯಾಂಟೀನಿಗೆ!

ಮುಂದಿನ ಸಲ ಮೇಲೆ ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮ ಹೆಸರು, ಊರು ಹೇಳಿ. ‘ಅವ್ವಾ, ಏನರ ಸಹಾಯ ಬೇಕೇನ್ರಿ?’ ಅಂತ ಕೇಳಿ, ಸುಮ್ನೆ ಕಾಯಿರಿ. ‘ಬ್ಯಾಡ್ರಿ’ ಅಂದರೆ ನಮಸ್ಕಾರ ಮಾಡಿ ಎದ್ದುಬಿಡಿ. ಹೂಂ ಅಂದರೂ ಫೈಲು ಆಕೆಯ ಕೈಯಲ್ಲೇ ಇರಲಿ. ‘ನೀವು ಕೂಡ್ರಿ, ಪಾಳಿ ಬಂದಾಗ ಕರೀತೀನಿ’ ಅನ್ನಿ. ಕಣ್ಣು ಕಾಣದವರಾದರೆ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಅವರು ಹಿಡಿಯಲಿ.

ಡಾಕ್ಟರ ಕೋಣೆ ಬೇರೆಯೇ ಮಾತು. ಕರೆದರೆ ಮಾತ್ರ ಒಳಗೆ ಹೋಗಿ. ಭಾಷೆ ಬಲ್ಲವರು ಒಬ್ಬರಿದ್ದರೆ ಡಾಕ್ಟರು ಅವರ ಮುಖ ನೋಡಿಯೇ ಮಾತಾಡುತ್ತಾರೆ. ರೋಗಿ ಮೂಲೆಗೆ ಬೀಳುತ್ತಾರೆ. ಆಗ ನೀವು ಅಜ್ಜಿಯ ಕಡೆ ತಿರುಗಿ, ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಹೇಳಿ. ‘ಏನೂ ಆಗಲ್ಲ ಬಿಡಿ’ ಅಂತ ನಿಮ್ಮದೊಂದು ಸೇರಿಸಬೇಡಿ. ಒಳಗೆ ಕೇಳಿದ್ದು ಹೊರಗಿನ ಬೆಂಚಿನವರೆಗೂ ಬರಬಾರದು. ಡೊಂಬಿವಲಿ ಲೋಕಲ್‌ನಲ್ಲಂತೂ ಬೇಡವೇ ಬೇಡ.

ಅಚ್ಚು ಹಾಕಿಸುವ ಕೆಲಸ ದಯವಿಟ್ಟು ಬಿಡಬೇಡಿ. ಅಕ್ಷರ ದಪ್ಪಗಿರಲಿ. ಕೌಂಟರ್ ನಂಬರು ಬೋರ್ಡಿನ ಮೇಲೆ ಹೇಗಿದೆಯೋ ಹಾಗೇ ಹಾಕಿಸಿ. ಓದಲು ಬಾರದವರು ಚೀಟಿ ಎತ್ತಿ ಹಿಡಿದು ಬೋರ್ಡಿನ ಜೊತೆ ತಾಳೆ ನೋಡುತ್ತಾರೆ.