ಟೋಪಿಗೆ ಕತ್ತಿ ಚುಚ್ಚುವ ಹಾಡು

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನ ಒಂದು ಹಳೆಯ ವಿದ್ಯಾರ್ಥಿ ಸಂಘದ ಮನೆಯಲ್ಲಿ ಕಡಿಮೆ ಬಾಡಿಗೆಗೆ ರೂಮು ಸಿಗುತ್ತದಂತೆ. ನೋಡಲು ಹೋದಾಗ ಗೋಡೆಯ ಮೇಲೆ ಕತ್ತಿಗಳು, ಕಪಾಟಿನಲ್ಲಿ ತೂತು ಬಿದ್ದ ಬಣ್ಣದ ಟೋಪಿಗಳು ಇದ್ದವಂತೆ. ಹಾಡು ಹೇಳುತ್ತಾ ಟೋಪಿಗೆ ಕತ್ತಿ ಚುಚ್ಚುವುದು ನಮ್ಮ ಪದ್ಧತಿ ಅಂದರಂತೆ. ಏನಿದು? ಮಗ ಅಲ್ಲಿ ಇರಬಹುದಾ?
– ಒಬ್ಬ ತಾಯಿ, ಮುದಗಲ್

ಉತ್ತರ: ತಾಯಿ, ಮೊದಲು ಭಯ ಬಿಡಿ. ಈ ಆಚರಣೆಯಲ್ಲಿ ಯಾರಿಗೂ ಗಾಯವಾಗುವುದಿಲ್ಲ. ನಾನು ಬಳ್ಳಾರಿಯ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವನು. ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಇದರ ಹೆಸರು ಲಾಂಡೆಸ್‌ಫಾಟರ್. ನಾಡಿಗೆ ತಂದೆಯಂತಿರುವ ದೊರೆಗೆ ಅಲ್ಲಿ ಹೀಗನ್ನುತ್ತಿದ್ದರು. ಉದ್ದನೆಯ ಮೇಜಿನ ಎರಡೂ ಕಡೆ ಹುಡುಗರು ಎದುರುಬದುರು ಕೂರುತ್ತಾರೆ. ಸಭೆ ನಡೆಸುವವರು ಕತ್ತಿ ಹಿಡಿದು ಇಬ್ಬಿಬ್ಬರ ಹತ್ತಿರ ಬರುತ್ತಾರೆ. ಆ ಇಬ್ಬರು ಎದ್ದು ನಿಂತು ಲೋಟ ತಾಗಿಸಿ ಕುಡಿಯುತ್ತಾರೆ, ತಮ್ಮ ಟೋಪಿಗಳನ್ನು ಕತ್ತಿಗೆ ಚುಚ್ಚುತ್ತಾರೆ. ಮಾನ ಕಾಪಾಡಿಕೊಳ್ಳುತ್ತೇನೆ, ಒಳ್ಳೆಯ ವಿದ್ಯಾರ್ಥಿಯಾಗಿರುತ್ತೇನೆ ಎಂದು ಹಾಡಿನಲ್ಲೇ ಆಣೆ ಇಡುತ್ತಾರೆ. ಸಾಲು ಮುಗಿಯುವ ಹೊತ್ತಿಗೆ ಕತ್ತಿಯ ತುಂಬ ಟೋಪಿ.

ಆಮೇಲೆ ಎರಡನೆಯ ಭಾಗ. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಟೋಪಿಗಳನ್ನು ಒಂದೊಂದಾಗಿ ಕತ್ತಿಯಿಂದ ತೆಗೆದು, ಅವರವರ ತಲೆಗೆ ಮತ್ತೆ ಇಡುತ್ತಾರೆ. ಅದರ ಮೇಲೆ ಕತ್ತಿಯನ್ನು ಚಾಚಿ ಹಿಡಿದು, ಈ ಸೋದರ ಬಾಳಲಿ, ಇವನನ್ನು ಹಳಿದವನು ನೀಚ ಎಂದು ಹಾಡುತ್ತಾರೆ. ತೂತಾದ ಟೋಪಿಯನ್ನು ಯಾರೂ ಬಿಸಾಡುವುದಿಲ್ಲ. ಕೆಲವು ಸಂಘಗಳಲ್ಲಿ ಆ ತೂತಿನ ಮೇಲೆ ಓಕ್ ಎಲೆಯ ಕಸೂತಿ ಹಾಕಿಸುತ್ತಾರೆ.

ಹಾಡಿಲ್ಲದೆ ಇದು ನಡೆಯುವುದೇ ಇಲ್ಲ. ನಿಮ್ಮೂರಿನ ಮೊಹರಂನಲ್ಲಿ ಪದ ಇಲ್ಲದೆ ಅಲಾಯಿ ಕುಣಿತ ಉಂಟೇ? ಹಾಗೆಯೇ. ಅಲ್ಲಿಯೂ ಹಳೆ ಧಾಟಿಗೆ ಹೊಸ ಪದ ಕಟ್ಟಿ ಹಾಡುವುದನ್ನು ನೀವು ಕೇಳಿರುತ್ತೀರಿ. ಜರ್ಮನಿಯ ಈ ಹಾಡಿಗೂ ಅದೇ ಆಯಿತು.

18ನೇ ಶತಮಾನದಲ್ಲಿ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ನೂರಾರು ಸಣ್ಣ ಸಂಸ್ಥಾನಗಳು, ಒಂದೊಂದಕ್ಕೂ ಒಬ್ಬ ದೊರೆ. ವಿದ್ಯಾರ್ಥಿಗಳು ತಮ್ಮ ದೊರೆಯ ಹೆಸರು ಹೇಳಿ ಕುಡಿದು, ನಿನಗಾಗಿ ಪ್ರಾಣ ಕೊಡುತ್ತೇವೆ ಎಂಬ ಗುರುತಿಗೆ ಟೋಪಿ ಚುಚ್ಚುತ್ತಿದ್ದರು. 1781ರ ಸುಮಾರಿಗೆ ಆಗಸ್ಟ್ ನೀಮನ್ ಎಂಬ 20ರ ಹರೆಯದ ಹುಡುಗ ಆ ಹಾಡನ್ನು ಹೊಸದಾಗಿ ಬರೆದ. ಮುಂದೆ ಈತ ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಎಲ್ಲರೂ ಸುಮ್ಮನಾಗಿ ಕಿವಿಗೊಡಿ ಎಂದು ಶುರುವಾಗುವ ಈ ಹಾಡನ್ನೇ ಇವತ್ತಿಗೂ ಹಾಡುವುದು. ಇದರಲ್ಲಿ ದೊರೆಗಿಂತ ನಾಡು ದೊಡ್ಡದಾಯಿತು.

ಒಂದೇ ನಾಡು ಬೇಕು ಎಂಬ ಆಸೆ ಆಗ ಅಪಾಯದ ಮಾತು. 1815ರಲ್ಲಿ ಯೇನಾದಲ್ಲಿ ವಿದ್ಯಾರ್ಥಿಗಳು ಒಂದೇ ಜರ್ಮನಿಗಾಗಿ ಸಂಘ ಕಟ್ಟಿದರು. 1817ರಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಸುಮಾರು 500 ಮಂದಿ ಸೇರಿದರು. 1819ರಲ್ಲಿ ದೊರೆಗಳು ಇಂಥ ಸಂಘಗಳನ್ನು ನಿಷೇಧಿಸಿದರು. 1918ರಲ್ಲಿ ಜರ್ಮನಿಯ ದೊರೆಗಳೇ ಸಿಂಹಾಸನ ಬಿಟ್ಟು ಇಳಿದರು. ಹೆಸರಿನಲ್ಲಿದ್ದ ದೊರೆ ಹೋದ, ಆಚರಣೆ ಉಳಿಯಿತು! 1930ರ ದಶಕದಲ್ಲಿ ನಾಜಿಗಳು ಈ ಸಂಘಗಳನ್ನು ಮುಚ್ಚಿಸಿದರು. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಮತ್ತೆ ತೆರೆದವು.

ಈ ಟೋಪಿ ಹಾಡಿನ ಧಾಟಿಯನ್ನು ನೀವೂ ಕೇಳಬಹುದು. 1879ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯ ಸಂಗೀತಗಾರ ಬ್ರಾಮ್ಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕೃತಜ್ಞತೆಗೆ ಅವರು ವಿದ್ಯಾರ್ಥಿಗಳ ಹಾಡುಗಳನ್ನೇ ಸೇರಿಸಿ ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’ ರಚಿಸಿದರು. 1881ರ ಜನವರಿ 4ರಂದು ಅಲ್ಲೇ ಅದನ್ನು ನುಡಿಸಿದರು. ಯೂಟ್ಯೂಬಿನಲ್ಲಿದೆ, ಹತ್ತು ನಿಮಿಷ ಅಷ್ಟೆ. ತುತ್ತೂರಿಗಳ ನಿಧಾನದ ಹಾಡು ಮುಗಿದ ಮೇಲೆ ಪಿಟೀಲುಗಳು ಎತ್ತಿಕೊಳ್ಳುವ ಧಾಟಿ ಇದು. ಎಷ್ಟು ಹಿತವಾಗಿದೆ ಅಂತೀರಿ! ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಇದನ್ನು ಹಚ್ಚಿದರೆ ಮೊಮ್ಮಕ್ಕಳೂ ಬಂದು ಕೂರುತ್ತಾರೆ.

ಇನ್ನು ಮಗನ ವಿಷಯ. ಎಲ್ಲ ಸಂಘಗಳೂ ಒಂದೇ ಥರ ಅಲ್ಲ. ಮೆನ್ಸೂರ್ ಎಂಬ ಕತ್ತಿವರಸೆ ಬೇರೆಯೇ ಇದೆ. ಅದರಲ್ಲಿ ಹರಿತವಾದ ಕತ್ತಿ, ಕೆನ್ನೆಗೂ ತಲೆಗೂ ಗಾಯವಾಗುತ್ತದೆ. ಕೆಲವು ಸಂಘಗಳಲ್ಲಿ ಸದಸ್ಯರಿಗೆ ಅದು ಕಡ್ಡಾಯ, ಕ್ಯಾಥೊಲಿಕ್ ಸಂಘಗಳಲ್ಲಿ ಇಲ್ಲವೇ ಇಲ್ಲ. ಬಹುಪಾಲು ಸಂಘಗಳಿಗೆ ಹೆಣ್ಣುಮಕ್ಕಳು ಸೇರುವಂತಿಲ್ಲ. ಕೆಲವದರಲ್ಲಿ ಜನಾಂಗದ ಅಹಂಕಾರವೂ ಇದೆ. 2011ರಲ್ಲಿ ಒಂದು ದೊಡ್ಡ ಒಕ್ಕೂಟದಲ್ಲಿ, ಚೀನೀ ಮೂಲದ ಜರ್ಮನ್ ಪ್ರಜೆಯೊಬ್ಬ ಸದಸ್ಯನಾಗಿರಬಹುದೇ ಎಂದೇ ಜಗಳ ನಡೆಯಿತು. ಸೋದರ ಎಂದು ಹಾಡುವ ಬಾಯಿಯಿಂದ ಈ ಮಾತು ಬಂದರೆ ಆ ಹಾಡಿಗೆ ದ್ರೋಹ ಮಾಡಿದಂತೆ. ನಾನು ಅದನ್ನು ಒಪ್ಪುವುದಿಲ್ಲ.

ಅದಕ್ಕೇ ರೂಮಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ಮಗ ನೇರವಾಗಿ ಕೇಳಲಿ. ಸುಮ್ನೆ ಬಾಡಿಗೆಗೆ ಇರಬಹುದಾ, ಸದಸ್ಯನಾಗಲೇಬೇಕಾ? ಮೆನ್ಸೂರ್ ಇದೆಯಾ? ಬೇರೆ ದೇಶದ ಹುಡುಗರು ಸದಸ್ಯರಾಗಿದ್ದಾರಾ? ಇದ್ದರೆ ಅವರ ಜೊತೆ ಒಂದು ಸಂಜೆ ಕೂತು ಮಾತಾಡಲಿ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ, ಬಾಡಿಗೆ ಜಾಸ್ತಿಯಾದರೂ ಚಿಂತೆಯಿಲ್ಲ, ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಅರ್ಜಿ ಹಾಕಲಿ.